ಮಾರಿಯ ನಂಬರು

ಕೂಡ್ಲೂರಿನ ಕಾಫಿ ಮಿಲ್ಲಿನಲ್ಲಿ ಬೀಜ ಸುಲಿಯುವ ಯಂತ್ರ ಶುರುವಾಗುವಾಗ ಮೊದಲು ಯಾರೋ ಕೆಮ್ಮಿದಂಥ ಸದ್ದು ಬರುತ್ತದೆ, ಆಮೇಲೆ ಇಡೀ ಬೀದಿ ಗೊರಗೊರ ಎನ್ನತೊಡಗುತ್ತದೆ. ಸೌಮ್ಯಳ ಮನೆ ಮಿಲ್ಲಿನ ಹಿಂಗೋಡೆಗೆ ಅಂಟಿಕೊಂಡಂತಿತ್ತು. ಗೂಡಿನಲ್ಲಿಟ್ಟ ಲೋಟಗಳು ಆ ಸದ್ದಿಗೆ ಸಣ್ಣಗೆ ನಡುಗುತ್ತಿದ್ದವು. ಸದ್ದಿದ್ದರೆ ಅತ್ತೆ ಚಲುವಮ್ಮನಿಗೆ ಬೀಜ ಆರಿಸುವ ಕೆಲಸವಿದೆ ಎಂದರ್ಥ. ಮಳೆ ಹಿಡಿದು ಅದು ನಿಂತರೆ, ಮನೆಯಲ್ಲಿ ದುಡಿಯುವವಳು ಸೌಮ್ಯ ಒಬ್ಬಳೇ. ದುಬಾರೆಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ದಾಟಿಸುತ್ತಿದ್ದ ಗಂಡ ಸುನಿಲ್ ಬೆನ್ನು ಜರುಗಿದ ಮೇಲೆ ಜಗಲಿ ಬಿಟ್ಟು ಇಳಿದಿರಲಿಲ್ಲ.

ಪಿಯುಸಿ ಮುಗಿಸಿದ ವರ್ಷವೇ ಸೌಮ್ಯ ಕುಶಾಲನಗರದ ಡಾಕ್ಟರ್ ಶೋಭಿತಾ ಅವರ ಹೆಂಗಸರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತಿದ್ದಳು. ಬಂದವರ ಹೆಸರು ಕೂಗುವ ಪದ್ಧತಿ ಅವಳದಲ್ಲ. ಎದ್ದು ಹೋಗಿ, ಭುಜ ಮುಟ್ಟಿ, ಮೆಲ್ಲಗೆ "ಬನ್ನಿ" ಎನ್ನುವಳು. ಯಾರಿಗೆ ಏನು ಕಾಯಿಲೆ ಎಂಬುದು ಅವಳ ಬಾಯಿಂದ ಬೀದಿಗೆ ಬಿದ್ದದ್ದಿಲ್ಲ. "ಸೌಮ್ಯಕ್ಕನಿಗೆ ಹೇಳಿದ್ದು ಬಾವಿಗೆ ಬಿದ್ದ ಕಲ್ಲು," ಎನ್ನುತ್ತಿದ್ದರು ಹೆಂಗಸರು. ಆ ಮಾತು ಕೇಳಿದಾಗ ಅವಳಿಗೆ ಒಳಗೊಳಗೇ ಹಿಗ್ಗು.

ಒಂದು ಭಾನುವಾರ ಮಧ್ಯಾಹ್ನ ಕ್ಲಿನಿಕ್ಕಿನ ಬಾಗಿಲು ಅರ್ಧ ಮುಚ್ಚಿ ಮೀಟಿಂಗ್ ನಡೆಯಿತು. ಶನಿವಾರಸಂತೆಯ ಕೀರ್ತಿಕುಮಾರ್ ಲ್ಯಾಪ್‌ಟಾಪ್ ತೆರೆದು ತಾನು ತಂದ ಸಾಫ್ಟ್‌ವೇರ್ ಬಗ್ಗೆ ಹೇಳತೊಡಗಿದ.

"ಒಂದ್ಸಲ ಬಂದ ಪೇಷಂಟ್ ಕೈ ತಪ್ಪಬಾರ್ದು ಮೇಡಂ. ಯಾರು ಯಾವಾಗ ಮತ್ತೆ ಬರ್ಬೇಕು, ಯಾತಕ್ಕೆ ಬರ್ಬೇಕು, ಎಲ್ಲ ಇದೇ ನೆನಪಿಟ್ಕೊಳ್ತದೆ, ಇದೇ ಮೆಸೇಜ್ ಹಾಕ್ತದೆ. ಮೊದ್ಲು ಸ್ವಲ್ಪ ದಿನ ಟ್ರಯಲ್ ಮಾಡಣ. ಹಳೇ ಫೈಲೆಲ್ಲ ಒಳಗೆ ಹೋಗ್ಬೇಕು. ಫೋನ್ ನಂಬರ್ ಇಲ್ದೆ ಮಾತ್ರ ಇದು ಯಾರನ್ನೂ ಸೇರಿಸ್ಕೊಳಲ್ಲ."

ಡಾಕ್ಟರ್ ಕನ್ನಡಕ ಒರೆಸುತ್ತ, ಬಿಸ್ಕತ್ತಿನ ತಟ್ಟೆಯನ್ನು ಇಬ್ಬರು ಹುಡುಗಿಯರ ಕಡೆ ಸರಿಸಿದರು. "ಫೈಲ್ಸ್ ಅರ್ಧರ್ಧ ಹಂಚ್ಕೊಳ್ಳಿ. ಇದು ಬಂದ ಮೇಲೆ ಡೆಸ್ಕಿಗೆ ಒಬ್ರೇ ಸಾಕಂತೆ. ಯಾರ ಕೆಲಸ ನೀಟಾಗಿರುತ್ತೋ ಅವರು ಇರ್ಲಿ. ನನಗೆ ಇಬ್ರೂ ಒಂದೇ. ತಗೊಳ್ಳಿ, ಬಿಸ್ಕತ್ ತಗೊಳ್ಳಿ."

ಇನ್ನೊಬ್ಬಳು ರಂಜಿತಾ. ಸೌಮ್ಯಳ ಬೀದಿಯವಳೇ. ಕೆಲಸವಿಲ್ಲದೆ ಕೂತಿದ್ದವಳನ್ನು ಕೈ ಹಿಡಿದು ಇಲ್ಲಿಗೆ ಕರೆತಂದವಳು ಸೌಮ್ಯ. ಮರುದಿನದಿಂದ ಇಬ್ಬರೂ ಎದುರುಬದುರು ಕೂತು ಟೈಪ್ ಮಾಡತೊಡಗಿದರು.

"ಅಕ್ಕ, ನೀನು ಒಂದೇ ಬೆರಳಲ್ಲಿ ಕುಟ್ಟೋದು ನೋಡಿದ್ರೆ ಕೋಳಿ ಕಾಳು ಹೆಕ್ದಂಗದೆ," ಎಂದಳು ರಂಜಿತಾ.

"ಹೆಕ್ಲಿ ಬಿಡೆ. ಕೋಳಿ ಹೊಟ್ಟೆ ತುಂಬಿಸ್ಕಂಡೇ ಏಳೋದು."

ಇಬ್ಬರೂ ನಕ್ಕರು. ಆ ವಾರ ಅವರು ನಕ್ಕದ್ದು ಅದೊಂದೇ ಸಲ. ಮಧ್ಯಾಹ್ನದ ಊಟದ ಡಬ್ಬಿಗಳನ್ನು ಬೇರೆಬೇರೆ ಹೊತ್ತಿಗೆ ಬಿಚ್ಚತೊಡಗಿದ್ದರು.

ಶನಿವಾರ ಸಂಜೆ ಕೀರ್ತಿಕುಮಾರ್ ಎಲ್ಲವನ್ನೂ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ತೋರಿಸಿದ. ಪೂರ್ತಿಯಾದದ್ದು ಹಸಿರು, ಆಗದ್ದು ಕೆಂಪು. ರಂಜಿತಾಳ ಭಾಗ ಗದ್ದೆಯಂತೆ ಹಸಿರಾಗಿತ್ತು. ಆದರೆ ಅಲ್ಲಲ್ಲಿ ವಯಸ್ಸು, ಊರು ತಪ್ಪಾಗಿದ್ದವು. ಸೌಮ್ಯಳದು ಒಂದೂ ತಪ್ಪಿರಲಿಲ್ಲ, ಒಂದೇ ಒಂದು ಸಾಲು ಮಾತ್ರ ಕೆಂಪಗಿತ್ತು. ಮಾರಿ, ಅಮ್ಮತ್ತಿ. ನಂಬರ್ ಇಲ್ಲ.

"ನಂಬರಿಲ್ದೆ ಇರೋಕೆ ಇವ್ರೇನು ದೆವ್ವನಾ ಅಕ್ಕ?" ಎಂದ ಕೀರ್ತಿಕುಮಾರ್. ರಂಜಿತಾ ಬಾಯಿಗೆ ಸೆರಗು ಒತ್ತಿಕೊಂಡಳು.

ಮಾರಿ ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನಲ್ಲಿ ಕೂಲಿಯವರ ಸಾಲುಮನೆಗಳ ಲೈನಿನವಳು. ಮೂರು ಹೆಣ್ಣುಮಕ್ಕಳ ತಾಯಿ. ಗಂಡು ಬೇಕೆಂದು ಗಂಡನ ಹಟ. ಮೂರನೆಯ ಹೆರಿಗೆಯಲ್ಲಿ ಅವಳು ಸತ್ತು ಬದುಕಿದ್ದಳು. ಮತ್ತೆ ಬಸಿರಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ಮೂರು ತಿಂಗಳಿಗೊಮ್ಮೆ, ಸಂತೆಗೆಂದು ಹೇಳಿ ಬಸ್ಸು ಹತ್ತಿ ಬಂದು, ಬಸಿರು ತಡೆಯುವ ಇಂಜೆಕ್ಷನ್ ಹಾಕಿಸಿಕೊಂಡು ಹೋಗುತ್ತಿದ್ದಳು. "ಬರ್ಬೇಕಾದ ದಿನ ನಾನೇ ನೆನಪಿಟ್ಕೊಂಡು ಬರ್ತೀನಿ ಅಕ್ಕಾ. ನೀವು ಮಾತ್ರ ಕರೀಬೇಡಿ," ಎಂದು ಮೊದಲ ಸಲವೇ ಸೌಮ್ಯಳ ಕೈ ಹಿಡಿದು ಕೇಳಿಕೊಂಡಿದ್ದಳು.

ಆ ಲೈನಿನ ಮನೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಬ್ಯಾಂಕಿನದಾಗಲಿ ರೇಷನ್ನಿನದಾಗಲಿ ಆಸ್ಪತ್ರೆಯದಾಗಲಿ, ಎಲ್ಲರೂ ಕೊಡುವುದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ನಂಬರನ್ನೇ. ಬೆಳಿಗ್ಗೆ ಹಾಜರಿ ಕೂಗುವ ಮಸ್ಟರಿನಲ್ಲಿ, ಹಾಜರಿ ಮುಗಿದ ಮೇಲೆ, ಯಾರ್ಯಾರಿಗೆ ಏನೇನು ಮೆಸೇಜ್ ಬಂದಿದೆ ಎಂದು ರೈಟರು ಗಟ್ಟಿಯಾಗಿ ಓದುತ್ತಾರೆ. ಉಪಕಾರವೆಂದೇ ಓದುತ್ತಾರೆ. ಆ ಲೈನಿನ ಬೇರೆ ಹೆಂಗಸರು ಅದನ್ನು ನಗುನಗುತ್ತ ಸೌಮ್ಯಳಿಗೆ ಹೇಳಿದ್ದರು. ರೈಟರ ನಂಬರು ಅವಳಿಗೆ ಬಾಯಿಪಾಠವೇ ಆಗಿತ್ತು.

"ಟ್ರಯಲ್ ಅಲ್ವಾ," ಎಂದಳು ಸೌಮ್ಯ, "ಮೆಸೇಜು ನಿಜವಾಗ್ಲೂ ಹೋಗ್ತದಾ?"

"ಹೋಗ್ದೆ ಇದ್ರೆ ಅದೆಂಥ ಟ್ರಯಲ್ ಅಕ್ಕ?"

"ಯಾಕೆ ಸೌಮ್ಯ, ಏನಾದ್ರೂ ಪ್ರಾಬ್ಲಮ್ಮಾ?" ಎಂದರು ಡಾಕ್ಟರ್.

ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಾಲು ಕೆಂಪಾಗಿಯೇ ಉಳಿಯುತ್ತಿತ್ತು. ಎದುರಿಗೆ ರಂಜಿತಾ ಉಗುರು ನೋಡಿಕೊಳ್ಳುತ್ತ ಕೂತಿದ್ದಳು, ತುಟಿಯ ತುದಿಯಲ್ಲಿ ನಗು ಇತ್ತು.

"ಏನಿಲ್ಲ ಮೇಡಂ," ಎಂದಳು ಸೌಮ್ಯ. ಒಂದೇ ಬೆರಳಿನಲ್ಲಿ, ಆತುರವಿಲ್ಲದೆ, ರೈಟರ ನಂಬರನ್ನು ಒತ್ತಿದಳು. ಗೋಡೆ ಪೂರ್ತಿ ಹಸಿರಾಯಿತು. ಕೀರ್ತಿಕುಮಾರ್ ಚಪ್ಪಾಳೆ ತಟ್ಟಿದ.

ಸೋಮವಾರ ರಂಜಿತಾ ಬರಲಿಲ್ಲ. "ಅವಳಿಗೆ ಪೂರ್ತಿ ಬೇಡ ಅಂತ ಹೇಳಿಲ್ಲ, ಟ್ರಯಲ್ ಮುಗೀಲಿ ಅಂದಿದೀನಿ," ಎಂದರು ಡಾಕ್ಟರ್, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ. "ಒಂದು ಕಂಪ್ಲೇಂಟ್ ಬಂದ್ರೂ ಅವಳನ್ನ ವಾಪಸ್ ಕರೀತೀನಿ. ಗೊತ್ತಿರ್ಲಿ." ಬೀದಿಯಲ್ಲಿ ರಂಜಿತಾಳ ಅಮ್ಮ ಸೌಮ್ಯಳನ್ನು ಕಂಡರೆ ನಲ್ಲಿಯ ಕಡೆ ತಿರುಗಿಕೊಳ್ಳತೊಡಗಿದಳು. ಸೌಮ್ಯ ಅತ್ತೆಗೆ ಒಂದು ಹೊಸ ಸ್ವೆಟರ್ ತಂದಳು. ರಾತ್ರಿ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಟ್ರಯಲ್ಲಿನ ಕೊನೆಯ ದಿನ ಮಾರಿ ಬಂದಳು. ಒಬ್ಬಳೇ ಅಲ್ಲ. ಗಂಡ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದ. ಮಾರಿಯ ಕೆಳತುಟಿ ಒಡೆದು, ಒಂದು ಕಣ್ಣು ಮುಚ್ಚಿಹೋಗಿತ್ತು. ಅವಳು ಮೇಜಿನ ಮೇಲೆ ಬಾಗಿದಳು.

"ಅಕ್ಕಾ, ಮಸ್ಟರಲ್ಲಿ ರೈಟರ್ ಓದಿಬಿಟ್ರು. ಎಲ್ಲಾರೂ ಇದ್ರು. ನಕ್ಕರು."

ಸೌಮ್ಯ ಕಂಪ್ಯೂಟರಿನ ಕಡೆ ನೋಡಿದಳು.

"ಅದು ಬೇರೆ ಯಾವ್ದೋ ಮಾರಿ ಅಂದೆ. ಮಾರಿ ಅನ್ನೋರು ಬೇಕಾದಷ್ಟು ಜನ ಇಲ್ವಾ ಅಕ್ಕಾ? ಅಲ್ಲೇ ಹೋಗಿ ಕೇಳಣ ನಡಿ ಅಂತ ಇವ್ರು ಎಳ್ಕೊಂಡು ಬಂದ್ರು. ತಪ್ಪಾಗಿ ಬಂತು ಅಂತ ಒಂದು ಮಾತು ಹೇಳಿಬಿಡಿ. ನಂಬರ್ ಯಾರು ಕೊಟ್ರು ಅಂತ ನಾನು ಕೇಳಲ್ಲ. ದೇವರಾಣೆ ಕೇಳಲ್ಲ."

ಒಳಕೋಣೆಯ ಪರದೆಯ ಆಚೆ ಡಾಕ್ಟರ್ ಮತ್ತು ಕೀರ್ತಿಕುಮಾರ್ ಕೂತಿದ್ದರು. "ಅಕ್ಕ," ಅವನು ಅಲ್ಲಿಂದಲೇ ಕೂಗಿದ, "ಒಂದಾದ್ರೂ ತಪ್ಪು ಮೆಸೇಜ್ ಹೋಗಿದ್ಯಾ? ಇದ್ರೆ ಈಗ್ಲೇ ಹೇಳ್ಬಿಡಿ, ಮೇಡಂ ಸೈನ್ ಹಾಕ್ತಾ ಇದಾರೆ."

ಅಷ್ಟರಲ್ಲಿ ಗಂಡ ಮೇಜಿನ ಬಳಿ ಬಂದಿದ್ದ. ಕೂಗಾಡಲಿಲ್ಲ. ಕೈ ಮುಗಿದೇ ಕೇಳಿದ. "ಮೇಡಂ, ಇವಳ ಹೆಸರಿಗೆ ಇಂಜೆಕ್ಷನ್ ಅಂತ ಮೆಸೇಜ್ ಬಂತು. ತಪ್ಪಾಗಿ ಬಂದಿದೆ ಅಂತಾಳೆ. ಹೌದಾ? ನೀವು ಹೌದು ಅಂದ್ರೆ ಕರ್ಕೊಂಡು ಹೋಗ್ತೀನಿ, ಮತ್ತೆ ಮಾತೇ ಇಲ್ಲ."

ಮಾರಿ ತನ್ನ ತೆರೆದಿದ್ದ ಒಂದು ಕಣ್ಣಿನಿಂದ ಸೌಮ್ಯಳನ್ನೇ ನೋಡುತ್ತಿದ್ದಳು. ಬೆಂಚಿನ ಮೇಲಿದ್ದ ಹೆಂಗಸರು ಇತ್ತ ತಿರುಗಿದ್ದರು.

"ಇಲ್ಲಿಂದ ತಪ್ಪು ಮೆಸೇಜ್ ಹೋಗಲ್ಲ," ಎಂದಳು ಸೌಮ್ಯ, ಪರದೆಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಮಾರಿ ಮೇಜಿನ ಅಂಚನ್ನು ಹಿಡಿದುಕೊಂಡಳು. "ಒಂದೂ ಹೋಗಿಲ್ಲ. ಎಲ್ಲ ಸರಿಯಾಗೇ ಇದೆ. ಮಿಕ್ಕಿದ್ದೇನಿದ್ರೂ ನೀವು ನಿಮ್ಮ ಹೆಂಡ್ತಿನ ಕೇಳ್ಕೊಳ್ಳಿ," ಎನ್ನುತ್ತ ಅವಳು ಆಗಲೇ ಬೆನ್ನು ತಿರುಗಿಸಿ, ಪರದೆ ಸರಿಸಿ ಒಳಗೆ ಹೋಗಿದ್ದಳು.