ಒಬ್ಬೊಬ್ಬರಿಗೂ ಒಂದು ಬಾಗಿಲು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಪರದೆ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಹೆಂಗಸರ ಹಳೆಯ ವಾರ್ಡು ಒಂದೇ ಉದ್ದನೆಯ ಹಜಾರ. ಮಂಚದ ಪಕ್ಕದಲ್ಲೇ ಮಂಚ. ಯಾರಿಗೆ ಬೆಡ್‌ಪ್ಯಾನ್ ಕೊಡಬೇಕಾದರೂ ಅವಳು ಮೊದಲು ಮಡಚುವ ಪರದೆಯನ್ನು ದರದರ ಎಳೆದು ತಂದು ನಿಲ್ಲಿಸುವಳು. ಹರೆಯದಲ್ಲಿ ಕೆಲಸಕ್ಕೆ ಸೇರಿದವಳ ಕೂದಲು ಆ ಪರದೆ ಎಳೆಯುವುದರಲ್ಲೇ ಬೆಳ್ಳಗಾಯಿತು.

ಹೊಸ ಕಟ್ಟಡದ ನಕ್ಷೆ ಬರೆಯುವ ಹುಡುಗಿ ಬಂದು, ರೋಗಿಗಳಿಗೆ ಏನು ಬೇಕು ಎಂದು ಕೇಳಿದಾಗ ಅವಳು ಯೋಚಿಸಲೂ ಇಲ್ಲ.

"ಒಬ್ಬೊಬ್ಬರಿಗೂ ಒಂದು ಬಾಗಿಲು ಮಾಡಿಕೊಡಮ್ಮ, ಅಷ್ಟೇ ಸಾಕು."

ಹುಡುಗಿ ಮಾತು ನಡೆಸಿಕೊಟ್ಟಳು. ಹಜಾರ ಕೆಡವಿದರು, ಸಾಲು ಕೋಣೆಗಳು ಎದ್ದವು. ನರ್ಸುಗಳು ಮಾತ್ರ ಮೊದಲಿದ್ದಷ್ಟೇ.

ಆ ವರ್ಷವೇ ಅವಳ ಅಕ್ಕ ಉಸಿರಾಟ ಸೋತು ಅಲ್ಲಿಗೆ ಬಂದಳು. ಮನೆಗೆ ಮರಳುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ಏನೇ, ಯಾವ ತಪ್ಪಿಗೆ ನನ್ನನ್ನ ಒಳಗೆ ಹಾಕಿದ್ದೀಯ?"

"ಸುಮ್ನಿರಕ್ಕ. ಜನ ಇಂಥ ಕೋಣೆಗೆ ಕಾಯ್ತಾ ಕೂತಿದ್ದಾರೆ."

"ಹಾಗಾದ್ರೆ ಒಬ್ಬಳನ್ನ ಇಲ್ಲಿಗೇ ಕರ್ಕೊಂಡು ಬಾ. ಜಗಳ ಆಡೋಕಾದ್ರೂ ಒಂದು ಮುಖ ಬೇಡ್ವಾ?" ಅಕ್ಕ ಉಸಿರು ಕೂಡಿಸಿಕೊಂಡಳು. "ಸಾಯೋಕೆ ಹೆದರಿಕೆ ಇಲ್ಲ ಕಣೆ. ಯಾರೂ ನೋಡ್ದೆ ಸಾಯೋಕೆ ಹೆದರಿಕೆ."

ಪರದೆ ಸಿಸ್ಟರ್‌ಗೆ ಹಳೆಯ ಹಜಾರದ ದನಿಗಳು ನೆನಪಾದವು. 'ಸಿಸ್ಟರ್, ಪಕ್ಕದವಳ ಬಾಟಲಿ ಮುಗೀತು ನೋಡಿ.' 'ಸಿಸ್ಟರ್, ಈ ಅಜ್ಜಿ ಯಾಕೋ ಮಾತಾಡ್ತಿಲ್ಲ.' ಆ ವಾರ್ಡನ್ನು ಅವಳೊಬ್ಬಳೇ ನೋಡಿಕೊಂಡಿರಲಿಲ್ಲ.

ಒಂದೇ ಕೋಣೆಯಲ್ಲಿ ಇಬ್ಬರನ್ನು ಮಲಗಿಸೋಣ ಎಂದು ಹಿರಿಯ ವೈದ್ಯರ ಬಳಿ ಹೋಗಿ ಅಂಗಲಾಚಿದಳು.

"ಗೋಡೆಗೆ ಆಕ್ಸಿಜನ್ ಪೈಪು ಒಂದೇ ಇರೋದು ಸಿಸ್ಟರ್. ಇನ್ನೊಬ್ಬರಿಗೆ ನಾನು ಊದಲಾ?" ಎಂದರು. ತಮ್ಮ ಮಾತಿಗೆ ತಮಗೇ ನಗು ಬಾರದೆ ತಲೆ ತಗ್ಗಿಸಿದರು.

ಬಿಡುವಾದಾಗಲೆಲ್ಲ ಅಕ್ಕನ ಕೋಣೆಗೆ ಇಣುಕಬೇಕೆಂದುಕೊಂಡಳು. ಬಿಡುವೆಂಬುದೇ ಇರಲಿಲ್ಲ. ಒಂದು ಮಧ್ಯಾಹ್ನ ಅವಳು ಇನ್ನೊಂದು ಕೋಣೆಯ ಬಾಗಿಲು ಹಾಕಿಕೊಂಡು ಯಾರದೋ ಬೆನ್ನು ಒರೆಸುತ್ತಿದ್ದಾಗ, ಊಟ ಹಂಚುವಾಕೆ ಕೂಗಿಕೊಂಡದ್ದು ಕೇಳಿಸಿತು. ಓಡಿ ಹೋದಳು. ಅಕ್ಕನ ಕೈ ಆಗಲೇ ತಣ್ಣಗಿತ್ತು. ಮುಖ ಬಾಗಿಲ ಕಡೆಗಿತ್ತು.

ರಜೆ ಮುಗಿಸಿ ಬಂದ ದಿನ ಅದೇ ಮಂಚದ ಮೇಲೆ ಬೇರೊಬ್ಬ ಮುದುಕಿ ಇದ್ದಳು.

"ಬಾಗಿಲು ಹಾಕ್ಬೇಡಮ್ಮ."

"ಇಲ್ಲ ಅಜ್ಜಿ, ಹಾಕಲ್ಲ."

ಕೈ ಬಿಟ್ಟರೆ ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲು ಅದು. ಅವಳು ಹಿಡಿದುಕೊಂಡೇ ನಿಂತಳು. ಪಕ್ಕದ ಕೋಣೆಯ ಕರೆಗಂಟೆ ಹೊಡೆದುಕೊಳ್ಳತೊಡಗಿತು. ಅದರಾಚೆಯದೂ. ಅವಳು ಕೈ ಬಿಟ್ಟಳು.