ಮೊದಲ ಗಂಟೆಯ ಒಂದು ಚಮಚ

ನಮ್ಮ ಪಂಪ್‌ವೆಲ್ ಸರ್ಕಲ್ಲಿನಲ್ಲಿ ಅರಬ್ಬಿ ಕಡೆಯ ಅಲ್‌ಫಹಾಮ್ ಕೋಳಿ ಸುಡುವ ಹೋಟೆಲುಗಳು ಒಂದರ ಪಕ್ಕ ಒಂದು ತಲೆಯೆತ್ತಿದ ಮೇಲೆ ಹಮ್ಮುಸ್ ಎಂದರೆ ಏನೆಂದು ಊರಿನ ಸಣ್ಣ ಮಕ್ಕಳಿಗೂ ಗೊತ್ತಾಯಿತು. ಆದರೆ ಆ ಹೋಟೆಲುಗಳ ಹಮ್ಮುಸನ್ನು ರವೂಫನ ಎದುರು ಯಾರೂ ಹೊಗಳುವಂತಿರಲಿಲ್ಲ. "ಅದು ಹಮ್ಮುಸ್ ಅಲ್ಲ ಮಾರಾಯ, ಕಡಲೆ ಗಂಜಿ," ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದ. ಹಾಗೆ ಹೇಳುವ ಹಕ್ಕು ಅವನಿಗಿತ್ತೆನ್ನಿ. ದುಬೈಯ ದೊಡ್ಡ ಹೋಟೆಲೊಂದರಲ್ಲಿ ತಣ್ಣಗೆ ಬಡಿಸುವ ಪದಾರ್ಥಗಳಿಗೆಂದೇ ಇರುವ ಅಡುಗೆಮನೆಯಲ್ಲಿ ಇಪ್ಪತ್ತೇಳು ವರ್ಷ ಹಮ್ಮುಸ್ ಅರೆದವನು ಅವನು.

ಬಿಳಿ ಕಡಲೆಯನ್ನು ಹಿಂದಿನ ಸಂಜೆಯೇ ಚಿಟಿಕೆ ಸೋಡಾ ಹಾಕಿ ನೆನೆಸಬೇಕು. ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯಾಗುವಷ್ಟು ಬೇಯಿಸಬೇಕು. ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿ ತೆಗೆಯಬೇಕು. ಐಸ್ ತುಂಡು ಹಾಕಿ ಅರೆದು, ಎಳ್ಳಿನ ತಹಿನಿ, ಲಿಂಬೆರಸ, ಬೆಳ್ಳುಳ್ಳಿ ಸೇರಿಸಿ, ಮತ್ತೆ ಅರೆಯಬೇಕು. ಇಷ್ಟೆಲ್ಲ ಆದ ಮೇಲೂ ನಾಲಿಗೆಗೆ ಒಂದು ತರಿ ಸಿಕ್ಕಿತೋ, ಆ ಇಡೀ ಪಾತ್ರೆ ಗಿರಾಕಿಯ ಮೇಜಿಗೆ ಹೋಗುವಂತಿಲ್ಲ. ಕೆಲಸ ಕಲಿಸಿದ ಲೆಬನಾನಿನ ಮುದುಕ ಮೊದಲ ವಾರವೇ ಹಾಕಿಕೊಟ್ಟ ಕಟ್ಟಳೆ ಅದು. ರವೂಫ್ ಅದನ್ನು ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಮುರಿಯಲಿಲ್ಲ.

ಇಂಥವನು ತನ್ನ ಹೆಂಡತಿಗೆ ಒಂದು ತಟ್ಟೆ ಹಮ್ಮುಸನ್ನೂ ಮಾಡಿಕೊಟ್ಟಿರಲಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ನಮ್ಮ ಕಡೆ ಗಲ್ಫಿನಿಂದ ರಜೆಯಲ್ಲಿ ಬಂದ ಗಂಡಸಿಗೆ ಮನೆಯಲ್ಲಿ ಮದುಮಗನ ಮರ್ಯಾದೆ. ಎರಡು ವರ್ಷಕ್ಕೊಮ್ಮೆ ಬರುವವನು, ಎರಡು ತಿಂಗಳು ಇರುವವನು; ಅವನು ನೀರು ಕೇಳುವ ಮೊದಲೇ ಲೋಟ ಎದುರಿಗಿರಬೇಕು. ಈ ಮರ್ಯಾದೆ ಮಾಡುವುದರಲ್ಲಿ ಅವನ ಹೆಂಡತಿ ಮುಮ್ತಾಝ್ ಎಲ್ಲರಿಗಿಂತ ಒಂದು ಕೈ ಮೇಲು. ಬೆಳಿಗ್ಗೆ ಅಕ್ಕಿ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು, ಮಧ್ಯಾಹ್ನಕ್ಕೆ ಅಂಜಲ್ ಮೀನು, ಸಂಜೆಗೆ ಮತ್ತೊಂದು. ರವೂಫ್ ಅಡುಗೆಮನೆಯ ಹೊಸ್ತಿಲು ದಾಟಿದರೆ ಸಾಕು, ಸೌಟು ಹಿಡಿದು ಅಡ್ಡ ನಿಲ್ಲುತ್ತಿದ್ದಳು.

"ಅಲ್ಲಿ ವರ್ಷವಿಡೀ ಅದೇ ಕೆಲಸ. ಇಲ್ಲಿಯೂ ಮಾಡ್ಲಿಕ್ಕೆ ಉಂಟಾ? ಹೋಗಿ, ಕೂತ್ಕೊಳ್ಳಿ. ನೆರೆಕರೆಯವರು ನೋಡಿದ್ರೆ ಎಂತ ಹೇಳ್ತಾರೆ?"

"ನಿನಗೆ ಒಂದು ಸಲ ಹಮ್ಮುಸ್ ಮಾಡಿ ಕೊಡುವ ಅಂತ."

"ಪೂರ್ತಿ ಬಿಟ್ಟು ಬಂದ ಮೇಲೆ ದಿನಾ ಮಾಡಿ. ಆಗ ನಾನು ಕೂತು ತಿಂತೇನೆ, ನೀವು ಬಡಿಸಿ."

ರವೂಫ್ ಹೋಗಿ ಕೂರುತ್ತಿದ್ದ. ನಿಜ ಹೇಳಬೇಕೆಂದರೆ ಹಾಗೆ ಕೂರುವುದು ಅವನಿಗೆ ಹಿತವಾಗಿಯೇ ಇತ್ತು. ಪೂರ್ತಿ ಬಿಟ್ಟು ಬರುವ ದಿನ ಒಂದು ಇದ್ದೇ ಇದೆಯಲ್ಲ, ಆಗ ನೋಡಿಕೊಳ್ಳೋಣ ಎಂದು ಬಿಟ್ಟುಬಿಡುತ್ತಿದ್ದ.

ಮುಮ್ತಾಝ್ ಮಾತ್ರ ಹಠಮಾರಿ. ಮದುವೆ ಮನೆಗಳಲ್ಲಿ ಬಿರಿಯಾನಿಗೆ ಮೊದಲು ಹಮ್ಮುಸ್ ಇಡುವ ಕಾಲ ಬಂದರೂ ಅವಳು ಬಾಯಿಗಿಡಲಿಲ್ಲ. "ಮೊದಲು ಇವರ ಕೈಯದ್ದು, ಮತ್ತೆ ಉಳಿದವರದ್ದು," ಎಂದು ತಟ್ಟೆ ಸರಿಸುತ್ತಿದ್ದಳು. ನಾದಿನಿಯರು ಚೇಷ್ಟೆ ಮಾಡಿ ಮಾಡಿ ಸೋತರು. ಒಂದು ರಜೆಯಲ್ಲಿ ರವೂಫ್ ತಂದ ಎರಡು ಕಿಲೋ ಬಿಳಿ ಕಡಲೆಯನ್ನು ಅವಳು ಬಿಸ್ಕಿಟಿನ ಡಬ್ಬಿಗೆ ತುಂಬಿ, ಹುಳ ಹಿಡಿಯದ ಹಾಗೆ ಒಣಮೆಣಸು ಹಾಕಿ, ಕಪಾಟಿನ ಮೇಲಿಟ್ಟಳು. ಅವನು ಬಂದು ಮಾಡುವ ದಿನಕ್ಕೆ ಬೇಕಲ್ಲ!

ಆ ದಿನ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಗಂಟುಮೂಟೆ ಕಟ್ಟಿಕೊಂಡು ಬಜಪೆಯಲ್ಲಿ ವಿಮಾನ ಇಳಿದ ರವೂಫನಿಗೆ ಮೊದಲು ಕಂಡದ್ದು ಮುಮ್ತಾಝಳ ಕಾಲು. ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತುಹೋಗುವಷ್ಟು ಬಾತಿತ್ತು. ಒಂದು ವರ್ಷದಿಂದ ಹಾಗೆಯೇ ಇತ್ತಂತೆ. ಫೋನಿನಲ್ಲಿ ಅವಳು ಮುಖ ಮಾತ್ರ ತೋರಿಸುತ್ತಿದ್ದಳು. ಹದಿನೈದು ದಿನದೊಳಗೆ ಎರಡು ಕಿಡ್ನಿಯೂ ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದರು. ವಾರಕ್ಕೆ ಮೂರು ಸಲ, ಮಂಗಳವಾರ, ಗುರುವಾರ, ಶನಿವಾರ, ಡಯಾಲಿಸಿಸ್.

ಅದರ ಜೊತೆಗೆ ತಿನ್ನಬಾರದ್ದರ ಒಂದು ಪಟ್ಟಿಯನ್ನೂ ಕೊಟ್ಟರು. ಎಳನೀರು ಬೇಡ, ಬಾಳೆಹಣ್ಣು ಬೇಡ. ಪಟ್ಟಿಯ ನಡುವೆ ಕಡಲೆ, ಕಾಳುಗಳು ಎಂದಿತ್ತು. ರವೂಫ್ ಅದನ್ನು ಎರಡು ಸಲ ಓದಿದ. ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು, ಬಂದುಹೋಗುವವರ ಎದುರೇ ಅತ್ತುಬಿಟ್ಟ.

ಅವರ ಒಬ್ಬಳೇ ಮಗಳು ಜುವೈರಿಯಾ. ಗಂಡನ ಮನೆ ಬಜಪೆ. ಅಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ಸಣ್ಣ ಕೆಫೆ ಇಟ್ಟಿದ್ದಾಳೆ. ಅವಳ ಕೈಯಲ್ಲಿ ಹೆಸರಾದದ್ದು ಗ್ವಾಕಮೋಲೆ. ಕೊಡಗಿನಿಂದ ಬರುವ ಬೆಣ್ಣೆಹಣ್ಣನ್ನು ಕಿವುಚಿ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿ, ಲಿಂಬೆ ಹಿಂಡಿ, ಬ್ರೆಡ್ಡಿಗೆ ಹಚ್ಚಿ ಕೊಡುತ್ತಾಳೆ. ಅಪ್ಪ ಊರಿಗೆ ಬಂದು ಕೂತ ಮೇಲೆ ಹಮ್ಮುಸ್ ಮೇಲೋ ಗ್ವಾಕಮೋಲೆ ಮೇಲೋ ಎಂದು ಇಬ್ಬರಿಗೂ ದಿನ ಬಿಟ್ಟು ದಿನ ಜಗಳ. ಮುಮ್ತಾಝ್ ಮಂಚದಲ್ಲಿ ಒರಗಿ ಕೇಳುತ್ತಿದ್ದಳು. ಅವಳ ಮುಖದಲ್ಲಿ ನಗು ಕಾಣುತ್ತಿದ್ದದ್ದು ಆಗ ಮಾತ್ರ. ಹಾಗಾಗಿ ಇಬ್ಬರೂ ಜಗಳವನ್ನು ಬೇಕೆಂದೇ ಬೆಳೆಸುತ್ತಿದ್ದರು.

"ಉಪ್ಪ, ನಿಮ್ಮ ಹಮ್ಮುಸ್ ಸರಕಾರಿ ಆಫೀಸಿನ ಹಾಗೆ. ಇವತ್ತು ಅರ್ಜಿ ಕೊಟ್ರೆ ನಾಳೆ ಸಿಗ್ತದೆ. ನನ್ನದು ಐದೇ ನಿಮಿಷ. ಬೆಂಕಿ ಬೇಡ, ಮಿಕ್ಸಿ ಬೇಡ."

"ಐದು ನಿಮಿಷದಲ್ಲಿ ಆಗ್ತದೆ, ಅರ್ಧ ಗಂಟೆಯಲ್ಲಿ ಕಪ್ಪಾಗ್ತದೆ. ನನ್ನದು ಮೂರು ದಿನ ಫ್ರಿಜ್ಜಿನಲ್ಲಿ ಕೂತ್ರೂ ಬಣ್ಣ ಬದಲಾಗುವುದಿಲ್ಲ. ಮತ್ತೆ ನಿನ್ನ ಹಣ್ಣಿನದ್ದು ಎಂತ ಗತ್ತು ಮಾರಾಯ್ತಿ! ಸೋಮವಾರ ಕಲ್ಲು, ಬುಧವಾರ ಕೊಳೆತದ್ದು. ನಡುವೆ ಒಂದು ದಿನ ನಮ್ಮ ಮೇಲೆ ದಯೆ."

"ಆ ಒಂದು ದಿನ ತಿಂದು ನೋಡಿ. ಕಡಲೆಗೆ ತಹಿನಿ, ಎಣ್ಣೆ ಎಲ್ಲ ಸೇರಿಸಿ ರುಚಿ ತರ್ಬೇಕು. ಬೆಣ್ಣೆಹಣ್ಣು ಮರದಲ್ಲೇ ಬೆಣ್ಣೆಯಾಗಿ ಬರ್ತದೆ."

"ಮರದಲ್ಲಿ ಬಂದದ್ದರಲ್ಲಿ ನಿನ್ನ ಕೈಯದ್ದು ಎಂತ ಉಂಟು?"

ಮುಮ್ತಾಝ್ ಒಂದು ದಿನ ನಡುವೆ ಬಾಯಿ ಹಾಕಿದಳು. "ಇಬ್ಬರೂ ಬಾಯಲ್ಲೇ ಅರೀತಾ ಇದ್ದೀರಿ. ನನಗೆ ಒಂದೊಂದು ಚಮಚ ಕೊಡಿ, ತೀರ್ಪು ನಾನು ಹೇಳ್ತೇನೆ."

ಕೊಡುವುದು ಹೇಗೆ? ಬೆಣ್ಣೆಹಣ್ಣೂ ಆ ಪಟ್ಟಿಯಲ್ಲಿತ್ತು.

ದಾರಿ ತೋರಿಸಿದವನು ಡಯಾಲಿಸಿಸ್ ಕೋಣೆಯ ಜೇಸನ್. ಹದಿನೆಂಟು ವರ್ಷದಿಂದ ಅದೇ ಮಿಷಿನುಗಳ ನಡುವೆ ತಲೆ ನರೆಸಿಕೊಂಡವನು. ಡಾಕ್ಟರ ಹತ್ತಿರ ಕೇಳಿಬಂದು ಹೇಳಿದ: "ಮಿಷಿನ್ ಶುರುವಾದ ಮೊದಲ ಗಂಟೆಯಲ್ಲಿ ಒಂದು ಚಮಚ ತಿನ್ನಬಹುದಂತೆ ಅಕ್ಕ. ಮತ್ತೆ ಮೂರು ಗಂಟೆಯಲ್ಲಿ ಮಿಷಿನ್ ಅದನ್ನು ತೆಗೀತದೆ. ಆದ್ರೆ ಒಂದೇ ಚಮಚ, ಒಂದೇ ತರದ್ದು. ಎರಡೂ ಒಂದೇ ದಿನ ಬೇಡ."

ಅಂದಿನಿಂದ ಜಗಳದ ಸ್ವರೂಪವೇ ಬದಲಾಯಿತು. ಮೊದಲ ಚಮಚ ಯಾರದ್ದು? ಜುವೈರಿಯಾ ಎರಡು ದಿನ ಹಠ ಹಿಡಿದಳು, ಮೂರನೆಯ ದಿನ ತಾನೇ ಸೋತಳು. "ನಿಮ್ಮದೇ ಮೊದಲು ಉಪ್ಪ. ಉಮ್ಮ ಕಾದು ಕೂತದ್ದು ಅದಕ್ಕೆ." ಶನಿವಾರ ಎಂದು ನಿಶ್ಚಯವಾಯಿತು.

ರವೂಫ್ ಹೊಸ ಕಡಲೆ ತರಲು ಚೀಲ ಹಿಡಿದು ಹೊರಟಾಗ ಮುಮ್ತಾಝ್ ಕರೆದಳು. "ಕಪಾಟಿನ ಮೇಲೆ ಡಬ್ಬಿ ಉಂಟಲ್ಲ. ಅದಕ್ಕೇ ಅಂತ ಇಟ್ಟದ್ದು. ಮೊದಲು ಅದರದ್ದು ಮಾಡಿ."

ಹಳೆ ಕಡಲೆ ಎಷ್ಟು ನೆನೆಸಿದರೂ, ಎಷ್ಟು ಬೇಯಿಸಿದರೂ ಒಳಗೆ ಗಟ್ಟಿಯೇ ಉಳಿಯುತ್ತದೆ ಎಂಬುದು ರವೂಫನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಅವಳ ಮುಖ ನೋಡಿ ಬೇಡ ಎನ್ನಲಾಗಲಿಲ್ಲ. ಶುಕ್ರವಾರ ಸಂಜೆ ಡಬ್ಬಿ ಇಳಿಸಿದ. ಒಣಮೆಣಸು ಹೆಕ್ಕಿ, ತೊಳೆದು, ಸೋಡಾ ಸ್ವಲ್ಪ ಹೆಚ್ಚೇ ಹಾಕಿ ನೆನೆಸಿದ. ಶನಿವಾರ ಬೆಳಿಗ್ಗೆ ಕುಕ್ಕರಿನಲ್ಲಿ ಒಂದು ಸಲ ಬೇಯಿಸಿದ, ಒತ್ತಿ ನೋಡಿ ಮತ್ತೊಂದು ಸಲ ಬೇಯಿಸಿದ. ಸಿಪ್ಪೆ ತೇಲಿಸಿದ. ಐಸ್ ಹಾಕಿ ಅರೆದ, ಮತ್ತೂ ಅರೆದ. ಮಿಕ್ಸಿ ಬಿಸಿಯಾಗಿ ವಾಸನೆ ಬಂತು. ಬೆರಳಿಗೆ ಹಚ್ಚಿ ನಾಲಿಗೆಯ ಮೇಲಿಟ್ಟ.

ತರಿ ಸಿಕ್ಕಿತು.

ಅವನು ಅರೆದದ್ದನ್ನು ಒಂದು ಸಣ್ಣ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟ. ಮಗಳಿಗೆ ಫೋನ್ ಮಾಡಿದ. "ನಿನ್ನ ಹತ್ತಿರ ಹಣ್ಣು ಉಂಟಾ?"

"ಒಂದು ಉಂಟು. ಇವತ್ತಿಗೇ ಸರಿಯಾಗಿ ಹದಕ್ಕೆ ಬಂದದ್ದು. ಯಾಕೆ?"

"ತಕ್ಕೊಂಡು ಬಾ. ಇವತ್ತು ನಿನ್ನದು ಕೊಡುವ. ಹಣ್ಣು ಕಾಯುವುದಿಲ್ಲ, ನನ್ನದು ಕಾಯ್ತದೆ."

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಮಿಷಿನ್ ಶುರುವಾದ ಮೇಲೆ ಮುಮ್ತಾಝ್ ತಲೆಯೆತ್ತಿ ಗಂಡನ ಕೈ ನೋಡಿದಳು. ಕೈ ಖಾಲಿ.

"ಎಲ್ಲಿ ನಿಮ್ಮದು?"

"ಸರಿಯಾಗ್ಲಿಲ್ಲ. ತರಿ ನಿಂತಿದೆ."

"ತರಿ ಇದ್ರೆ ಎಂತ ಆಗ್ತದೆ? ನಾನೇನು ಗಿರಾಕಿಯಾ?"

"ಇಷ್ಟು ವರ್ಷ ಕಾದದ್ದಲ್ಲವಾ ಮುಮ್ತಾಝ್. ಮಂಗಳವಾರ ಹೊಸ ಕಡಲೆಯದ್ದು ಮಾಡಿ ತರ್ತೇನೆ. ಫಸ್ಟ್ ಕ್ಲಾಸ್."

ಅವಳು ತಲೆಯನ್ನು ದಿಂಬಿಗೆ ಒರಗಿಸಿದಳು. ಜುವೈರಿಯಾ ಅಲ್ಲೇ ಸ್ಟೂಲಿನ ಮೇಲೆ ಹಣ್ಣು ಕೊಯ್ದು ಕಿವುಚಿ, ಲಿಂಬೆ ಹಿಂಡಿ, ಉಪ್ಪಿಲ್ಲದೆ, ಒಂದೆರಡು ಚೂರು ಹಸಿಮೆಣಸು ಸೇರಿಸಿದಳು. ಒಂದು ಚಮಚ. ಮುಮ್ತಾಝ್ ಕಣ್ಣು ಮುಚ್ಚಿ, ಅದನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು.

"ಒಳ್ಳೆಯದುಂಟು ಮೋಳೇ. ಬಾಯಿ ತಣ್ಣಗಾಯಿತು."

"ಹಾಗಾದ್ರೆ ಗೆದ್ದದ್ದು ನಾನು!"

"ಅದು ಹೇಗೆ? ಇನ್ನೊಂದು ತಿನ್ನದೆ ತೀರ್ಪು ಹೇಳ್ಲಿಕ್ಕೆ ಆಗ್ತದಾ? ಮಂಗಳವಾರ ಹೇಳ್ತೇನೆ."

ಭಾನುವಾರ ರವೂಫ್ ಪೇಟೆಯಲ್ಲಿ ಮೂರು ಅಂಗಡಿ ಸುತ್ತಿ, ಕಾಳುಗಳನ್ನು ಅಂಗೈಯಲ್ಲಿಟ್ಟು ನೋಡಿ, ಹೊಸ ಕಡಲೆ ತಂದ. ಅವಳು ಅದನ್ನು ಮುಟ್ಟಿ ನೋಡಿ ಚೆನ್ನಾಗಿದೆ ಎಂದಳು. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅವನು ಚಹಾ ಮಾಡಿ ಮಂಚದ ಹತ್ತಿರ ತಂದು ಎರಡು ಸಲ ಕರೆದ. ಮೂರನೆಯ ಸಲ ಭುಜ ಮುಟ್ಟಿದಾಗ ಗೊತ್ತಾಯಿತು.

ನಿದ್ದೆಯಲ್ಲೇ ಹೃದಯ ನಿಂತದ್ದು ಎಂದರು ಡಾಕ್ಟರು. ಸಂಜೆಯ ಅಸರ್ ನಮಾಝಿನ ನಂತರ ದಫನ ಮಾಡಿ ಬಂದರು. ಆ ದಿನ ಮನೆಯಲ್ಲಿ ಒಲೆ ಉರಿಯಲಿಲ್ಲ. ಪಕ್ಕದ ಮನೆಯ ಮೋಹನದಾಸ ಗಂಜಿ, ಚಹಾ ತಂದುಕೊಟ್ಟ. ಜುವೈರಿಯಾ ತಂದೆಯನ್ನು ಮೂಲೆಗೆ ಕರೆದು ಕೇಳಿದಳು: "ಉಪ್ಪ, ನನ್ನ ಹಣ್ಣಿನಿಂದ ಹಾಗಾಯಿತಾ?" ರವೂಫ್ ಅಲ್ಲಿಯೇ ಜೇಸನ್‌ಗೆ ಫೋನ್ ಮಾಡಿ, ಅದನ್ನೇ ಕೇಳಿ, ಫೋನನ್ನು ಅವಳ ಕಿವಿಗೆ ಹಿಡಿದ.

"ಇಲ್ಲಮ್ಮ, ಒಂದು ಚಮಚದಿಂದ ಎಂತದೂ ಆಗುವುದಿಲ್ಲ. ಅವರ ಹೃದಯ ಮೊದಲೇ ಸೋತಿತ್ತು, ನಮಗೆಲ್ಲ ಗೊತ್ತಿತ್ತು. ತಾಯಿಗೆ ಒಂದು ಖುಷಿ ಕೊಟ್ಟದ್ದು ನೀನು, ಅಷ್ಟೇ." ಅವಳು ಫೋನ್ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತಳು. ಆ ಸಮಾಧಾನ ರವೂಫನ ಪಾಲಿಗೆ ಬರುವಂಥದ್ದಾಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಅವನ ಕಾಲು ತಾನಾಗಿ ಅಡುಗೆಮನೆಗೆ ಹೋಯಿತು. ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ. ಫ್ರಿಜ್ಜು ತೆರೆದ. ಶನಿವಾರದ ಡಬ್ಬಿ ಇಟ್ಟಲ್ಲೇ ಇತ್ತು. ಮುಚ್ಚಳ ತೆಗೆದರೆ ಮೇಲೆ ತೆಳ್ಳಗೆ ಒಣಗಿತ್ತು, ಬಣ್ಣ ಬದಲಾಗಿರಲಿಲ್ಲ, ಹುಳಿ ವಾಸನೆಯೂ ಇರಲಿಲ್ಲ. ಅವನು ಹೇಳಿಕೊಂಡ ಹಾಗೆಯೇ ಅದು ಕಾದಿತ್ತು.

ಚಮಚದಲ್ಲಿ ತೆಗೆದು ಬಾಯಿಗಿಟ್ಟುಕೊಂಡ. ಉಪ್ಪು ಅವಳಿಗೆಂದೇ ಹಾಕಿರಲಿಲ್ಲ. ಲಿಂಬೆ ಸರಿಯಾಗಿತ್ತು, ತಹಿನಿ ಸರಿಯಾಗಿತ್ತು. ತರಿ ಇತ್ತು, ಅವಳು ಅರೆಯುವ ತೆಂಗಿನಕಾಯಿ ಚಟ್ನಿಯಲ್ಲಿ ಇರುತ್ತಿದ್ದಷ್ಟೇ. ಆ ಚಟ್ನಿಯನ್ನು ಅವನು ಪ್ರತಿ ರಜೆಯಲ್ಲೂ ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದ. ಇಪ್ಪತ್ತೇಳು ವರ್ಷ ಅವಳು ತನ್ನನ್ನು ನೆಂಟನ ಹಾಗೆ ನೋಡಿಕೊಂಡಳು, ಬಡಿಸಬೇಕಾಗಿದ್ದ ಒಂದೇ ಒಂದು ದಿನ ತಾನೂ ಅವಳನ್ನು ಗಿರಾಕಿಯಾಗಿ ಮಾಡಿಬಿಟ್ಟೆ ಎಂದು ಅವನಿಗೆ ಆಗ ಹೊಳೆಯಿತು. ಅವಳು ಮೆಣಸು ಹಾಕಿ ಕಾಪಾಡಿದ ಕಡಲೆ ಅದು. ಎಷ್ಟು ಕೆಟ್ಟಿದ್ದರೂ ಅವಳು ತಿನ್ನುತ್ತಿದ್ದಳು, ಇದು ಕೆಟ್ಟೂ ಇರಲಿಲ್ಲ.

ಜುವೈರಿಯಾ ಬಾಗಿಲಲ್ಲಿ ಬಂದು ನಿಂತಳು. ಅವನು ಇನ್ನೊಂದು ಚಮಚ ತುಂಬಿ ಅವಳತ್ತ ಚಾಚಿದ. ಅವಳು ತಿಂದು, ಕಣ್ಣೊರೆಸಿಕೊಂಡು, ತಂದೆಯ ಮುಖ ನೋಡಿದಳು.

"ಚೆನ್ನಾಗುಂಟಲ್ಲ, ಉಪ್ಪ."

"ಹೌದು," ಎಂದ ರವೂಫ್. "ಶನಿವಾರವೂ ಚೆನ್ನಾಗಿಯೇ ಇತ್ತು."