ಕಾಂತಕ್ಕನ ಚಪ್ಪಲಿ ಕಾವಲು

ಅನಗೋಳದ ನಮ್ಮ ಓಣಿಯ ಕಾಂತಕ್ಕ ಖಾನಾಪುರದ ಶಾಲೆಯೊಂದರಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ದನಿ ಎತ್ತಿದರೆ ಇಡೀ ತರಗತಿ ಗಪ್ಪಾಗುತ್ತಿತ್ತಂತೆ. ಬೆನ್ನಿನ ಆಪರೇಶನ್ ಆದ ಮೇಲೆ ಗಾಲಿಕುರ್ಚಿ ಬಂತು. ಅಂದಿನಿಂದ ಮನೆಯವರು ಅವಳಿಗೊಂದು ಹೊಸ ನೌಕರಿ ಕೊಟ್ಟಿದ್ದಾರೆ. ಚಪ್ಪಲಿ ಕಾಯುವುದು.

ಸುಳ್ಳು ಹೇಳುತ್ತಿಲ್ಲ. ಯಾವ ಗುಡಿಗೇ ಹೋಗಲಿ, ಮೆಟ್ಟಿಲು ಕಂಡ ಕೂಡಲೇ ಅವಳ ತಮ್ಮ ಬಸವಪ್ರಸಾದ ಮೊದಲು ಚಪ್ಪಲಿ ಬಿಡುತ್ತಾನೆ, ಆಮೇಲೆ ಅಕ್ಕನನ್ನು. "ನಿನ್ನ ಹೆಸರಿಲೆ ನಾ ಕೈ ಮುಗದ ಬರ್ತೀನಿ, ನೀ ಇಲ್ಲೇ ಆರಾಮ ಕುಂದರು" ಅನ್ನುತ್ತಾನೆ. ಕುಂದರದೆ ಅವಳೇನು ಕುಣಿಯುತ್ತಾಳೆಯೆ? ಪಾಪ, ಅಕ್ಕನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಗುಡಿಯ ಪ್ರಸಾದವನ್ನು ತಪ್ಪದೆ ತಂದುಕೊಡುತ್ತಾನೆ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಕಾಂತಕ್ಕ ಒಂದು ಹರಕೆ ಹೊತ್ತಿದ್ದಳು. ಎದ್ದು ಕೂಡುವಂತಾದರೆ ಊರಿನ ದಂಡುಪ್ರದೇಶವಾದ ಕ್ಯಾಂಪಿನ ಹಳೇ ಕೆಥೆಡ್ರಲ್ ಚರ್ಚಿನಲ್ಲಿ ತನ್ನ ಕೈಯಾರೆ ಮೇಣದಬತ್ತಿ ಹಚ್ಚುತ್ತೇನೆ ಎಂದು. ಕೊರಳಲ್ಲಿ ಲಿಂಗ, ಹರಕೆ ಚರ್ಚಿಗೆ. ನಮ್ಮ ಓಣಿಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಆದರೆ 'ಕೈಯಾರೆ' ಎಂಬ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲೂ ಇಲ್ಲ.

ಮೊನ್ನೆ ಖಾನಾಪುರದಿಂದ ಬೀಗರು ಬಂದರು. ಅವರಿಗೆ ಊರು ತೋರಿಸುವ ನೆಪದಲ್ಲಿ ಅಂತೂ ಚರ್ಚಿಗೆ ಹೋಗುವುದೆಂದಾಯಿತು. ವ್ಯಾನಿನಲ್ಲಿ ಜಾಗವಿದೆಯೆಂದು ಕಾಂತಕ್ಕ ನನ್ನನ್ನೂ ಹತ್ತಿಸಿಕೊಂಡಳು. ಕೋಟೆಯ ಕಮಲ ಬಸದಿಯ ಮುಂದೆ ಅವಳು ಎಂದಿನಂತೆ ಚಪ್ಪಲಿ ಕಾಯ್ದಳು. ಆಮೇಲೆ ಕ್ಯಾಂಪಿನ ಹಳೇ ಬೀದಿಗಳು. ಬಸವಪ್ರಸಾದ ಬೀಗರಿಗೆ ಬ್ರಿಟಿಷರ ಬಂಗಲೆಗಳನ್ನು ತೋರಿಸುತ್ತ ಮುಂದೆ ನಡೆದ. ಕಾಂತಕ್ಕ ನನಗೆ ರಸ್ತೆಯ ತಗ್ಗುಗಳನ್ನು ತೋರಿಸುತ್ತ ಹಿಂದೆ ಬಂದಳು.

ಚರ್ಚಿನ ಮೆಟ್ಟಿಲ ಬುಡದಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ದೇವರ ಮನೆಯೆಂದ ಮೇಲೆ ಬಿಡಬೇಕು, ಬಿಟ್ಟ ಮೇಲೆ ಕಾಯಬೇಕು, ಕಾಯಲು ಕಾಂತಕ್ಕ ಇದ್ದೇ ಇದ್ದಾಳೆ. ಬಸವಪ್ರಸಾದ ಅವಳ ಮಡಿಲಲ್ಲಿದ್ದ ಮೇಣದಬತ್ತಿ ಎತ್ತಿಕೊಂಡ.

"ಅದನ್ನ ನಾ ಹಚ್ಚಬೇಕೋ!"

"ಮೆಟ್ಟಲ ನೋಡಲ್ಲೆ ಅಕ್ಕಾ. ನಿನ್ನ ಹೆಸರಿಲೆ ನಾ ಹಚ್ಚತೀನಿ. ಒಳಗರೆ ಏನೈತಿ ನೋಡಾಕ?"

"ಏನೂ ಇಲ್ಲಂದ್ರ ನೀವೆಲ್ಲಾ ಯಾಕ ಹೊಂಟೀರಿ?"

ಬಸವಪ್ರಸಾದ ಬೀಗರ ಹೊಸ ಬೂಟನ್ನು, ದುಬಾರಿಯದಂತೆ, ಅವಳ ಮಡಿಲಿಗಿಟ್ಟು ಎಲ್ಲರೊಡನೆ ಮೆಟ್ಟಿಲು ಹತ್ತಿದ. ನನಗೆ ಮೈಯೆಲ್ಲ ಉರಿಯಿತು. ಕಾಂತಕ್ಕ ಬೂಟು ಹಿಡಿದುಕೊಂಡು ಕೂತಳು, ಕಣ್ಣು ತುಂಬಿದ್ದವು.

ಅಂಗಳ ಗುಡಿಸುತ್ತಿದ್ದ ಮುದುಕನೊಬ್ಬ ಚಪ್ಪಲಿಗಳ ರಾಶಿ ನೋಡಿ ನಿಂತ. "ಇಷ್ಟ್ಯಾಕ ಬಿಟ್ಟೀರಿ, ಅಕ್ಕಾರ? ಇಲ್ಲಿ ಮಂದಿ ಹಾಕ್ಕೊಂಡ ಒಳಗ ಹೋಗ್ತಾರ. ನಿಮ್ಮ ಗಾಡಿಗೂ ಬಾಜೂಕ ಇಳಿಜಾರ ಐತಲ್ರಿ."

ಕಾಂತಕ್ಕ ಬೂಟನ್ನು ದೊಪ್ಪೆಂದು ನೆಲಕ್ಕೆ ಹಾಕಿದಳು. ನಾನು ಹಿಡಿಕೆಗೆ ಕೈಯಿಟ್ಟರೆ "ಬಿಡ" ಎಂದು ಗದರಿ, ತಾನೇ ಗಾಲಿ ತಿರುಗಿಸಿದಳು.

ಒಳಗೆ ತಂಪು. ಬಣ್ಣದ ಗಾಜಿನಿಂದ ಬಿದ್ದ ಬೆಳಕು ಬೆಂಚುಗಳ ಮೇಲೆಲ್ಲ ಹರಡಿತ್ತು. ನಡುವೆ ನಿಂತು ಅವಳು ಕತ್ತೆತ್ತಿ ಕಮಾನುಗಳನ್ನು ನೋಡಿದಳು. "ಎಷ್ಟ ಎತ್ತರ ಐತಿ ನೋಡ! ಏನೂ ಇಲ್ಲ ಅಂದ್ನಲ್ಲ, ಸುಳ್ಳಬುರುಕ."

ಮಾತೆಯ ಮೂರ್ತಿಯ ಮುಂದೆ ಅವಳ ಮೇಣದಬತ್ತಿ ಆಗಲೇ ಉರಿಯುತ್ತಿತ್ತು. ಬಸವಪ್ರಸಾದ ಅದರ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು ಬೀಗರಿಂದ ಫೋಟೋ ತೆಗೆಸಿಕೊಳ್ಳುತ್ತಿದ್ದ. ಕಾಂತಕ್ಕ ಕುರ್ಚಿಯನ್ನು ಹತ್ತಿರ ತಂದು, ಮುಂದೆ ಬಾಗಿ, ಉಫ್ ಎಂದು ಊದಿಬಿಟ್ಟಳು.

"ಅಯ್ಯ ಅಕ್ಕಾ! ಹಂಗ ಆರಿಸಬಾರದವಾ!" ತಮ್ಮ ಬೆಚ್ಚಿಬಿದ್ದ.

"ಕಡ್ಡಿಪೆಟ್ಟಿಗಿ ಕೊಡು."

ಕೊಟ್ಟ. ಮೊದಲ ಕಡ್ಡಿ ಆರಿತು. ಇನ್ನೊಂದು ಗೀರಿದಳು. ಬತ್ತಿ ಹತ್ತಿಕೊಂಡಿತು. ಎರಡೂ ಕೈ ಮುಗಿದು ಕೂತ ಅವಳ ಕೆನ್ನೆ ಒದ್ದೆಯಾಗಿತ್ತು. ಅವಳು ಅಷ್ಟು ಹಗುರಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಬಸವಪ್ರಸಾದನಿಗೆ ಎಚ್ಚರವಾಯಿತು. "ಅಲ್ಲಾ, ಹೊರಗ ಚಪ್ಪಲಿ ಯಾರ ನೋಡಾಕತ್ತಾರ?"

ಬೀಗರು ತಮ್ಮ ಬರಿಗಾಲು ನೋಡಿಕೊಂಡರು.

ಕಾಂತಕ್ಕ ಕಣ್ಣೊರೆಸಿಕೊಂಡಳು. "ನೀ ಹೋಗಿ ಆರಾಮ ಕುಂದರು ತಮ್ಮಾ. ನಿನ್ನ ಹೆಸರಿಲೆ ನಾ ಇಲ್ಲೆಲ್ಲಾ ನೋಡ್ಕೊಂಡ ಬರ್ತೀನಿ."